ಸೊಳ್ಳೆಯ ಪಾಠ ಯಾವ ಘಟಕಕ್ಕೆ ಸೇರಬೇಕು?

ಅಭ್ಯಾಸ ಬೋಧನೆಗೆ ಹೊರಟ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಇಷ್ಟಪಟ್ಟು ಆರಿಸಿಕೊಳ್ಳುವ ಪಾಠಗಳಲ್ಲಿ 'ಸೊಳ್ಳೆಗಳಿಂದ ಹರಡುವ ರೋಗಗಳು' ಒಂದು. ಕಾರಣ ಸ್ಪಷ್ಟವಾಗಿದೆ. ಚಾರ್ಟು ಅಂಗಡಿಯಲ್ಲೇ ಸಿಗುತ್ತದೆ, ಪೀಠಿಕೆಯ ಪ್ರಶ್ನೆ ಸುಲಭ, ಮಕ್ಕಳು ಉತ್ಸಾಹದಿಂದ ಕೈ ಎತ್ತುತ್ತಾರೆ, ನಲವತ್ತು ನಿಮಿಷದೊಳಗೆ ಗೃಹಪಾಠ ಕೊಟ್ಟು ಮುಗಿಸಬಹುದು. ತರಗತಿಯ ಹಿಂದಿನ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದು ಇಂಥ ಪಾಠಗಳನ್ನು ವರ್ಷವರ್ಷವೂ ನೋಡುತ್ತ ಬಂದಿರುವ ನನಗೆ ಒಂದು ಮಾತನ್ನು ನೇರವಾಗಿ ಹೇಳಬೇಕೆನಿಸಿದೆ. ಈ ಪಾಠ ಈಗ ಇರುವ ಜಾಗ ಸರಿಯಿಲ್ಲ. 'ಆರೋಗ್ಯ ಮತ್ತು ಸ್ವಚ್ಛತೆ'ಯ ಮೂಲೆಯಲ್ಲಿ ಕೂತಿರುವ ಸೊಳ್ಳೆಯನ್ನು ಅನುವಂಶೀಯತೆ ಮತ್ತು ಜೀವವಿಕಾಸದ ನಡುಮನೆಗೆ ಕರೆತರಬೇಕು. ಹಾಗೆ ಮಾಡದಿದ್ದರೆ ವಿಜ್ಞಾನವೂ ತಪ್ಪುತ್ತದೆ, ಕೆಲವು ಮಕ್ಕಳ ಮನಸ್ಸಿಗೂ ನೋವಾಗುತ್ತದೆ.

ಎರಡನೆಯ ಮಾತಿನಿಂದಲೇ ಶುರುಮಾಡುತ್ತೇನೆ.

'ಕೊಳಕಿನಿಂದ ಸೊಳ್ಳೆ' ಎಂಬ ಸಮೀಕರಣ

ಸಾಮಾನ್ಯವಾಗಿ ಪಾಠದ ಬೆಳವಣಿಗೆ ಹೀಗಿರುತ್ತದೆ: ಕೊಳಚೆ ನೀರು ನಿಂತರೆ ಸೊಳ್ಳೆ ಹುಟ್ಟುತ್ತದೆ, ಸೊಳ್ಳೆಯಿಂದ ಮಲೇರಿಯಾ, ಡೆಂಗಿ, ಚಿಕುನ್‌ಗುನ್ಯಾ ಬರುತ್ತವೆ, ಆದ್ದರಿಂದ ನಾವು ಸ್ವಚ್ಛವಾಗಿರಬೇಕು. ಕಪ್ಪು ಹಲಗೆಯ ಮೇಲೆ ಮೂರು ಬಾಣದ ಗುರುತು. ಎಂಟನೆಯ ತರಗತಿಯ ಇಂಥದೊಂದು ಪಾಠದಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ನಮ್ಮನೇಲಿ ಕುಡಿಯೋ ನೀರೇ ಡ್ರಮ್ಮಲ್ಲಿ ತುಂಬಿಟ್ಟಿರ್ತೀವಿ. ಅದು ಚೆನ್ನಾಗೇ ಇರುತ್ತೆ. ಆದ್ರೂ ನಮ್ಮಮ್ಮಂಗೆ ಡೆಂಗಿ ಬಂತಲ್ಲ?" ಎಂದಳು. ಪ್ರಶಿಕ್ಷಣಾರ್ಥಿ "ಮನೆ ಸುತ್ತ ಚರಂಡಿ ಇರಬೇಕು ನೋಡಮ್ಮ" ಎಂದು ಮುಂದಿನ ಹಂತಕ್ಕೆ ಹೋದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ಕುಳಿತಳು. ಪಾಠ ಮುಗಿಯುವವರೆಗೆ ಅವಳು ಮತ್ತೆ ಕೈ ಎತ್ತಲಿಲ್ಲ.

ಅವಳ ಪ್ರಶ್ನೆಯಲ್ಲಿ ಇಡೀ ಪಾಠಕ್ಕಿಂತ ಹೆಚ್ಚು ವಿಜ್ಞಾನವಿತ್ತು. ಡೆಂಗಿ ಮತ್ತು ಚಿಕುನ್‌ಗುನ್ಯಾ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಬೇಕಾದದ್ದು ಹೆಚ್ಚಾಗಿ ಮನೆಯ ಒಳಗೂ ಸುತ್ತಲೂ ಸಂಗ್ರಹಿಸಿಟ್ಟ ತಿಳಿನೀರು: ಡ್ರಮ್ಮು, ಸಿಮೆಂಟ್ ತೊಟ್ಟಿ, ಹೂಕುಂಡದ ಕೆಳಗಿನ ತಟ್ಟೆ, ಹಳೆಯ ಟೈರು, ಎಳನೀರಿನ ಬುರುಡೆ. ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಬಾವಿ, ಮಹಡಿಯ ಮೇಲಿನ ಟ್ಯಾಂಕು, ಕಟ್ಟಡ ಕಾಮಗಾರಿಯ ನೀರಿನಲ್ಲಿ ಬೆಳೆಯುತ್ತದೆ. ಕೊಳಚೆ ಚರಂಡಿಯನ್ನು ಬಯಸುವುದು ಮುಖ್ಯವಾಗಿ ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಜಾತಿ. ಮೂರನ್ನೂ ಒಂದೇ ಬಾಣದ ಗುರುತಿಗೆ ಕಟ್ಟಿದರೆ ವಿಷಯದ ನಿಖರತೆ ಹೋಯಿತು.

ಹೋಗುವುದು ಅಷ್ಟೇ ಅಲ್ಲ. ವಾರಕ್ಕೊಮ್ಮೆ ನಲ್ಲಿ ನೀರು ಬರುವ ಬಡಾವಣೆಯ ಮನೆಯವರು ನೀರು ತುಂಬಿಡದೆ ಇರಲು ಸಾಧ್ಯವೇ? ಕಟ್ಟಡ ಕೆಲಸಕ್ಕೆ ಬೇರೆ ಜಿಲ್ಲೆಗಳಿಂದ, ಬೇರೆ ರಾಜ್ಯಗಳಿಂದ ಬಂದು ಶೆಡ್ಡಿನಲ್ಲಿ ವಾಸಿಸುವವರ ಮಕ್ಕಳು ನಮ್ಮ ಪ್ರಾಯೋಗಿಕ ಶಾಲೆಗಳಲ್ಲೇ ಓದುತ್ತಿದ್ದಾರೆ. 'ಕೊಳಕು ಇರುವಲ್ಲಿ ರೋಗ' ಎಂದು ನಾವು ಹಲಗೆಯ ಮೇಲೆ ಬರೆದಾಗ, 'ರೋಗ ಬಂದವರ ಮನೆ ಕೊಳಕು' ಎಂದು ಮಕ್ಕಳು ತಿರುಗಿಸಿ ಓದಿಕೊಳ್ಳುತ್ತಾರೆ. ನೀರು ಸರಬರಾಜಿನ ಕೊರತೆ ಒಂದು ಕುಟುಂಬದ ನಡತೆಯ ಕೊರತೆಯಾಗಿ ಬದಲಾಗಿಬಿಡುತ್ತದೆ. ತರಗತಿಯಲ್ಲಿ ಇದು ಸಣ್ಣ ಹಾನಿಯಲ್ಲ.

ಸೊಳ್ಳೆ ನಮ್ಮ ಬಳಿ ಬಂದ ದಾರಿ

ಈಡಿಸ್ ಈಜಿಪ್ಟೈ ಕೊಳಕಿನಿಂದ ಹುಟ್ಟಿದ್ದಲ್ಲವಾದರೆ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದರೆ ಪಾಠದ ಬಾಗಿಲೇ ಬೇರೆ ದಿಕ್ಕಿಗೆ ತೆರೆಯುತ್ತದೆ.

ಇದರ ತವರು ಆಫ್ರಿಕಾ. ಅಲ್ಲಿನ ಕಾಡುಗಳಲ್ಲಿ ಇದರ ಮೂಲ ರೂಪ ಇಂದಿಗೂ ಇದೆ. ಅದು ಮರದ ಪೊಟರೆಯ ನೀರಿನಲ್ಲಿ ಮೊಟ್ಟೆಯಿಟ್ಟು, ಹೆಚ್ಚಾಗಿ ಪ್ರಾಣಿಗಳ ರಕ್ತ ಹೀರಿ ಬದುಕುತ್ತದೆ. ಇದರ ಒಂದು ಕವಲು ಮನುಷ್ಯನ ಜೊತೆ ಬದುಕಲು ತೊಡಗಿತು. ದೀರ್ಘವಾದ ಒಣ ಋತುವಿರುವ ಪ್ರದೇಶದಲ್ಲಿ ಮನುಷ್ಯರು ಮಡಕೆಗಳಲ್ಲಿ ಕೂಡಿಟ್ಟ ನೀರೇ ಅದಕ್ಕೆ ವರ್ಷವಿಡೀ ಸಿಗುವ ಆಸರೆ. ಜೀನೋಮ್ ಹೋಲಿಕೆಯಿಂದ ವಿಜ್ಞಾನಿಗಳು ಈ ಬದಲಾವಣೆಯನ್ನು ಸುಮಾರು 5,000 ವರ್ಷಗಳ ಹಿಂದಕ್ಕೆ ಗುರುತಿಸುತ್ತಾರೆ.

ಈ ಕವಲು ಅಟ್ಲಾಂಟಿಕ್ ಸಾಗರವನ್ನು ದಾಟಿದ್ದು ಗುಲಾಮರ ಹಡಗುಗಳಲ್ಲಿ. ಆಫ್ರಿಕಾದಿಂದ ಸುಮಾರು 1.25 ಕೋಟಿ ಜನರನ್ನು ಸರಪಳಿ ಹಾಕಿ ಹಡಗು ಹತ್ತಿಸಿದ ಆ ಶತಮಾನಗಳಲ್ಲಿ, ಕುಡಿಯುವ ನೀರಿನ ಪೀಪಾಯಿಗಳಲ್ಲಿ ಸೊಳ್ಳೆಯೂ ಹೋಯಿತು. 1648ರಲ್ಲಿ ಮೆಕ್ಸಿಕೋದ ಯುಕಟಾನ್‌ನಲ್ಲಿ ಹಳದಿ ಜ್ವರ ಕಾಣಿಸಿಕೊಂಡಿತು. ಏಷ್ಯಾದ ಊರುಗಳಲ್ಲಿ ಈ ಸೊಳ್ಳೆ ನೆಲೆಯಾದದ್ದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅಂದರೆ 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಹಡಗು ಸಂಚಾರ ಹೆಚ್ಚಿದ ಕಾಲದಲ್ಲಿ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ವಸಾಹತುಶಾಹಿ ಎಂದು ಓದುವುದನ್ನೇ ಸೊಳ್ಳೆಯ ಡಿಎನ್ಎ ತನ್ನದೇ ಲಿಪಿಯಲ್ಲಿ ದಾಖಲಿಸಿಕೊಂಡಿದೆ.

ಇದರ ದಾಯಾದಿ ಏಷ್ಯಾದ ಹುಲಿ ಸೊಳ್ಳೆ, ಈಡಿಸ್ ಆಲ್ಬೊಪಿಕ್ಟಸ್. ಅದು ತಿರುಗಿ ಪಶ್ಚಿಮಕ್ಕೆ ಹೋಯಿತು. 1979ರಲ್ಲಿ ಅಲ್ಬೇನಿಯಾದಲ್ಲಿ, 1985ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಪತ್ತೆಯಾಯಿತು. ಅದರ ವಾಹನ ಹಳೆಯ ಟೈರುಗಳ ವ್ಯಾಪಾರ. ಈಡಿಸ್ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ತಾಳಬಲ್ಲದು ಎಂಬ ಒಂದು ಸಾಲನ್ನು ಜೀವನಚಕ್ರದ ಚಾರ್ಟಿಗೆ ಸೇರಿಸಿದರೆ ಸಾಕು, ಮಕ್ಕಳು ಉಳಿದದ್ದನ್ನು ತಾವೇ ಊಹಿಸುತ್ತಾರೆ.

ಮೈಸೂರಿನ ಹೆಸರು ಹೊತ್ತ ಸೊಳ್ಳೆ

ಎರಡನೆಯ ಕಥೆ ನಮ್ಮ ಊರಿನದು. ಅನಾಫಿಲಿಸ್ ಸ್ಟೀಫೆನ್ಸಿಯನ್ನು ಮೊದಲು ವಿವರಿಸಿದ್ದು 1901ರಲ್ಲಿ. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ಇಬ್ಬರು ಸಂಶೋಧಕರು ಇದರ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಒಂದು ವ್ಯತ್ಯಾಸ ಕಂಡುಹಿಡಿದರು. ಮೊಟ್ಟೆ ತೇಲಲು ಅದರ ಎರಡೂ ಬದಿಗೆ ಗಾಳಿ ತುಂಬಿದ ತೇಲುಬುರುಡೆಗಳಿರುತ್ತವೆ, ಅವುಗಳ ಮೇಲೆ ಗೀರುಗಳಂಥ ಏಣುಗಳಿರುತ್ತವೆ. ಕೆಲವು ಮೊಟ್ಟೆಗಳಲ್ಲಿ ಈ ಏಣುಗಳು ಹೆಚ್ಚು, ಕೆಲವುಗಳಲ್ಲಿ ಕಡಿಮೆ. ಕಡಿಮೆ ಏಣುಗಳ ಬಗೆಗೆ ಅವರು 'ಮೈಸೂರೆನ್ಸಿಸ್' ಎಂದು ಹೆಸರಿಟ್ಟರು. ನಮ್ಮ ಮೈಸೂರಿನ ಹೆಸರು ಜಗತ್ತಿನ ಕೀಟಶಾಸ್ತ್ರದಲ್ಲಿ ಹೀಗೆ ಉಳಿದಿದೆ. ಮುಂದಿನ ಎಣಿಕೆಗಳ ಪ್ರಕಾರ ಮೂಲ ಬಗೆಯಲ್ಲಿ 14ರಿಂದ 22, ಮಧ್ಯಮ ಬಗೆಯಲ್ಲಿ 12ರಿಂದ 17, ಮೈಸೂರೆನ್ಸಿಸ್‌ನಲ್ಲಿ 9ರಿಂದ 15 ಏಣುಗಳಿರುತ್ತವೆ. ಭಾರತದಲ್ಲಿ ನಗರದ ಮಲೇರಿಯಾಕ್ಕೆ ಮುಖ್ಯ ಕಾರಣ ಮೂಲ ಬಗೆ. ಹಳ್ಳಿಗಾಡಿನ ಮೈಸೂರೆನ್ಸಿಸ್ ಇಲ್ಲಿ ಅಷ್ಟು ಸಮರ್ಥ ವಾಹಕವಲ್ಲ.

'ಒಂದೇ ಪ್ರಭೇದದೊಳಗಿನ ಭಿನ್ನತೆ' ಎಂಬ ಪರಿಕಲ್ಪನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? ಈ ಮೂರು ಶ್ರೇಣಿಗಳನ್ನು ಗ್ರಾಫ್ ಹಾಳೆಯಲ್ಲಿ ಮೂರು ಅಡ್ಡ ಪಟ್ಟಿಗಳಾಗಿ ಬರೆಯಿಸಿ. ಅವು ಒಂದರ ಮೇಲೊಂದು ಹರಡಿಕೊಳ್ಳುತ್ತವೆ. "14 ಏಣುಗಳಿರುವ ಒಂದೇ ಮೊಟ್ಟೆ ಸಿಕ್ಕರೆ ಅದು ಯಾವ ಬಗೆ?" ಎಂದು ಕೇಳಿ. ಒಂದು ಮೊಟ್ಟೆಯಿಂದ ಹೇಳಲಾಗದು, ಹಲವು ಮೊಟ್ಟೆಗಳನ್ನು ಎಣಿಸಬೇಕು ಎಂಬ ಉತ್ತರಕ್ಕೆ ಮಕ್ಕಳು ತಾವೇ ಬಂದರೆ ಅಂದಿನ ಪಾಠ ಗೆದ್ದಂತೆ.

ಈಗ ಈ ಸೊಳ್ಳೆಯ ಪಯಣ. ದಕ್ಷಿಣ ಏಷ್ಯಾ ಮತ್ತು ಅರಬ್ ಪ್ರದೇಶದಲ್ಲಿದ್ದ ಸ್ಟೀಫೆನ್ಸಿ 2012ರಲ್ಲಿ ಆಫ್ರಿಕಾದ ಬಂದರು ದೇಶ ಜಿಬೂಟಿಯಲ್ಲಿ ಪತ್ತೆಯಾಯಿತು. ಆ ವರ್ಷ ಅಲ್ಲಿ ವರದಿಯಾದ ಮಲೇರಿಯಾ ಪ್ರಕರಣಗಳು ಕೇವಲ 27. 2020ರ ಹೊತ್ತಿಗೆ ಅವು 73,000 ದಾಟಿದವು. 2016ರಲ್ಲಿ ಇಥಿಯೋಪಿಯಾದಲ್ಲಿ, ಆಮೇಲೆ ಸುಡಾನ್, ಸೊಮಾಲಿಯಾ, ನೈಜೀರಿಯಾ, ಕೀನ್ಯಾ, ಘಾನಾಗಳಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಹರಡುವಿಕೆ ತಡೆಯಲೆಂದೇ ಒಂದು ಕಾರ್ಯಕ್ರಮ ಆರಂಭಿಸಿತು. ಆಫ್ರಿಕಾದಲ್ಲಿ ಬಹುಕಾಲ ಮಲೇರಿಯಾ ಎಂದರೆ ಹಳ್ಳಿಯ, ಮಳೆಗಾಲದ ಕಾಯಿಲೆ. ನೀರಿನ ಟ್ಯಾಂಕಿನಲ್ಲಿ ವರ್ಷವಿಡೀ ಬೆಳೆಯುವ ಈ ಸೊಳ್ಳೆ ಅದನ್ನು ಪಟ್ಟಣಕ್ಕೂ ಬೇಸಿಗೆಗೂ ತಂದಿತು. ಒಂದು ಶತಮಾನದಲ್ಲಿ ಸೊಳ್ಳೆ ಆಫ್ರಿಕಾದಿಂದ ನಮ್ಮಲ್ಲಿಗೆ ಬಂತು, ಇನ್ನೊಂದರಲ್ಲಿ ನಮ್ಮ ಕಡೆಯಿಂದ ಅಲ್ಲಿಗೆ ಹೋಯಿತು. ರೋಗವನ್ನು 'ಹೊರಗಿನವರು' ತಂದರು ಎಂಬ ಮಾತಿಗೆ ಇಲ್ಲಿ ಅರ್ಥ ಉಳಿಯುವುದಿಲ್ಲ. ಇದನ್ನು ಮಕ್ಕಳಿಗೆ ಉಪದೇಶವಾಗಿ ಹೇಳಬೇಕಿಲ್ಲ. ಭೂಪಟದ ಮೇಲೆ ಎರಡು ದಾರಿಗಳನ್ನು ಬಣ್ಣದಲ್ಲಿ ಎಳೆಯಿಸಿದರೆ ಸಾಕು.

'ಒಗ್ಗಿಕೊಂಡಿದೆ' ಎಂಬ ಮಾತಿನ ತೊಡಕು

"ಈ ಬತ್ತಿಗೆಲ್ಲ ಸೊಳ್ಳೆ ಈಗ ಒಗ್ಗಿಹೋಗಿದೆ" ಎಂದು ನಮ್ಮ ಮನೆಗಳಲ್ಲಿ ದಿನವೂ ಕೇಳುತ್ತೇವೆ. ಮಾತು ಸಹಜ. ಆದರೆ ಶಿಕ್ಷಕರಾಗುವವರು ಅದರೊಳಗೆ ಅಡಗಿರುವ ತಪ್ಪು ಪರಿಕಲ್ಪನೆಯನ್ನು ಗುರುತಿಸಬೇಕು. ಖಾರಕ್ಕೆ ನಾಲಿಗೆ ಒಗ್ಗುವಂತೆ ಒಂದು ಸೊಳ್ಳೆ ತನ್ನ ಜೀವಿತದಲ್ಲಿ ಮದ್ದಿಗೆ ಒಗ್ಗುವುದಿಲ್ಲ. ಹೆಚ್ಚಿನವು ಸಾಯುತ್ತವೆ. ಮದ್ದು ಬರುವ ಮೊದಲೇ ಅಕಸ್ಮಾತ್ತಾಗಿ ಬೇರೆ ಬಗೆಯ ವಂಶವಾಹಿ ಹೊಂದಿದ್ದ ಕೆಲವು ಉಳಿಯುತ್ತವೆ, ಮರಿಮಾಡುತ್ತವೆ. ಬದಲಾಗುವುದು ಸೊಳ್ಳೆಯಲ್ಲ, ಸೊಳ್ಳೆಗಳ ಸಮೂಹ. ಇದನ್ನು ಬಿಟ್ಟು 'ಹೊಂದಾಣಿಕೆ', 'ಒಗ್ಗುವಿಕೆ' ಎಂಬ ಪದಗಳನ್ನಷ್ಟೇ ಹಲಗೆಯ ಮೇಲೆ ಬರೆದರೆ, ಕತ್ತು ಚಾಚಿ ಚಾಚಿ ಉದ್ದವಾದ ಜಿರಾಫೆಯ ಹಳೆಯ ಕಥೆಯನ್ನೇ ಸೊಳ್ಳೆಗೂ ಹೇಳಿದಂತಾಗುತ್ತದೆ.

ಇಲ್ಲಿ ನಡೆಯುವುದು ಏನೆಂಬುದು ಅಣುಮಟ್ಟದಲ್ಲೂ ತಿಳಿದಿದೆ. ಸೊಳ್ಳೆಯ ನರಕೋಶದಲ್ಲಿ ಸೋಡಿಯಂ ಅಯಾನುಗಳು ಓಡಾಡುವ ಒಂದು ಬಾಗಿಲಿದೆ. ಡಿಡಿಟಿ ಮತ್ತು ಪೈರೆಥ್ರಾಯ್ಡ್ ಗುಂಪಿನ ಮದ್ದುಗಳು ಆ ಬಾಗಿಲನ್ನು ಮುಚ್ಚಗೊಡದೆ ಹಿಡಿಯುತ್ತವೆ. ನರ ಸೋತು ಸೊಳ್ಳೆ ಬೀಳುತ್ತದೆ. ಆ ಬಾಗಿಲಿನ ಪ್ರೋಟೀನಿನಲ್ಲಿ 1014ನೆಯ ಸ್ಥಾನದ ಲ್ಯೂಸಿನ್ ಬದಲು ಫಿನೈಲ್‌ಅಲನಿನ್ ಬಂದರೆ ಮದ್ದಿನ ಹಿಡಿತ ಸಡಿಲವಾಗುತ್ತದೆ. ಒಂದು ಅಮೈನೊ ಆಮ್ಲದ ವ್ಯತ್ಯಾಸ, ಅಷ್ಟೇ. ಅನಾಫಿಲಿಸ್ ಸೊಳ್ಳೆಗಳಲ್ಲಿ ಕಾಣುವ ಪ್ರತಿರೋಧಕ್ಕೆ ಇದು ಒಂದು ಮುಖ್ಯ ಕಾರಣ. ಎರಡೂ ಮದ್ದುಗಳ ಗುರಿ ಒಂದೇ ಆದ್ದರಿಂದ ಡಿಡಿಟಿಗೆ ಬಗ್ಗದ ಸೊಳ್ಳೆ ಪೈರೆಥ್ರಾಯ್ಡ್‌ಗೂ ಬಗ್ಗದಿರಬಹುದು. ದೇಶದಲ್ಲಿ 1965ರ ಹೊತ್ತಿಗೆ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದ ಮಲೇರಿಯಾ ಪ್ರಕರಣಗಳು 1976ರಲ್ಲಿ 64 ಲಕ್ಷಕ್ಕೆ ಏರಿದ್ದರ ಹಿಂದೆ ಆಡಳಿತದ ಕಾರಣಗಳ ಜೊತೆಗೆ ಈ ಪ್ರತಿರೋಧವೂ ಇತ್ತು.

ಇದನ್ನು ಅಡುಗೆಮನೆಯ ಕಾಳುಗಳಿಂದ ತೋರಿಸಬಹುದು. ತಟ್ಟೆಯಲ್ಲಿ 95 ಹುರುಳಿ, 5 ಬಿಳಿಜೋಳ. ಹುರುಳಿ ಮದ್ದಿಗೆ ಸಾಯುವ ಸೊಳ್ಳೆ, ಜೋಳ ಉಳಿಯುವ ಸೊಳ್ಳೆ. ಮದ್ದು ಹೊಡೆದಾಗ ಪ್ರತಿ ಹತ್ತು ಹುರುಳಿಯಲ್ಲಿ ಒಂಬತ್ತನ್ನು ತೆಗೆಯಿರಿ. ಉಳಿಯುವುದು ಸುಮಾರು 10 ಹುರುಳಿ, 5 ಜೋಳ. ಅದೇ ಪ್ರಮಾಣದಲ್ಲಿ ಮತ್ತೆ ನೂರಕ್ಕೆ ತುಂಬಿಸಿದರೆ 67 ಹುರುಳಿ, 33 ಜೋಳ. ಎರಡನೆಯ ಸಲ ಹೊಡೆದು ತುಂಬಿಸಿದರೆ 17 ಹುರುಳಿ, 83 ಜೋಳ. ಮೂರನೆಯ ಸಲಕ್ಕೆ ಜೋಳ 98. ಒಂದೇ ಒಂದು ಕಾಳೂ ಬಣ್ಣ ಬದಲಿಸಲಿಲ್ಲ, ಆದರೂ ತಟ್ಟೆಯ ಬಣ್ಣ ಬದಲಾಯಿತು. ನೈಸರ್ಗಿಕ ಆಯ್ಕೆಯ ತಿರುಳು ಇಷ್ಟೇ. ನಿಜವಾದ ಸೊಳ್ಳೆಗೆ ಪ್ರತಿ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ಆದ್ದರಿಂದ ಅಲ್ಲಿ ಲೆಕ್ಕ ಇಷ್ಟು ಸರಳವಲ್ಲ ಎಂದೂ ಹೇಳಬೇಕು. ಮಾದರಿಯ ಮಿತಿಯನ್ನು ಹೇಳುವುದೂ ಬೋಧನೆಯೇ.

ಮೆಂಡೆಲನ ಬಟಾಣಿ ಪಾಠ ಮಾಡುವವರಿಗೂ ಇಲ್ಲಿ ಸಾಮಗ್ರಿ ಇದೆ. ಕೀನ್ಯಾದ ರಬಾಯಿ ಪ್ರದೇಶದ ಕಾಡಿನ ಈಡಿಸ್ ಮತ್ತು ಮನೆಯ ಈಡಿಸ್‌ಗಳನ್ನು ಪ್ರಯೋಗಾಲಯದಲ್ಲಿ ಸಂಕರಗೊಳಿಸಿ, ಎರಡನೆಯ ತಲೆಮಾರಿನಲ್ಲಿ ಮನುಷ್ಯನ ವಾಸನೆಗೆ ಹೋಗುವವು ಯಾವುವು, ಗಿನಿ ಇಲಿಯ ವಾಸನೆಗೆ ಹೋಗುವವು ಯಾವುವು ಎಂದು ಬೇರ್ಪಡಿಸಿ ನೋಡಿದ ಸಂಶೋಧನೆ 2014ರಲ್ಲಿ ಪ್ರಕಟವಾಯಿತು. ಮನುಷ್ಯನನ್ನು ಬಯಸುವ ಗುಣದ ಜೊತೆ ನಂಟಿರುವ ಒಂದು ವಾಸನಾಗ್ರಾಹಕ ವಂಶವಾಹಿ ಅದರಿಂದ ಸಿಕ್ಕಿತು. ಮಕ್ಕಳು ಕೇಳುವ "ಸೊಳ್ಳೆ ನಮ್ಮನ್ನೇ ಯಾಕೆ ಹುಡುಕಿಕೊಂಡು ಬರುತ್ತೆ?" ಎಂಬ ಪ್ರಶ್ನೆಗೆ ಇದು ಉತ್ತರದ ಒಂದು ತುಣುಕು.

ಈಗ ಇದು ಇನ್ನೂ ಮುಖ್ಯ ಏಕೆ

ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ 'ಅನುವಂಶೀಯತೆ ಮತ್ತು ಜೀವವಿಕಾಸ' ಅಧ್ಯಾಯದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿದೆ. ವಿಜ್ಞಾನವನ್ನು ಮುಂದೆ ಓದದ ಮಕ್ಕಳಿಗೆ ಈ ವಿಚಾರ ಸಿಗುವ ದಾರಿ ಕಿರಿದಾಗಿದೆ. ಅಧ್ಯಾಯ ಇಲ್ಲದಿದ್ದರೂ ಸೊಳ್ಳೆ ಪಠ್ಯದಲ್ಲಿದೆ, ತರಗತಿಯಲ್ಲೂ ಇದೆ. ರೋಗದ ಪಾಠದೊಳಗೆ ಆಯ್ಕೆಯ ವಿಚಾರವನ್ನು ತರುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಇನ್ನೊಂದು ಕಾರಣ, ಈ ಮಕ್ಕಳು ನಾಳೆ ಮತದಾರರು. ಸೊಳ್ಳೆಗಳ ಪ್ರತಿ ಸಮಾಜವೂ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ. ವೊಲ್‌ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹೊಂದಿದ ಸೊಳ್ಳೆಗಳನ್ನು ಬಿಟ್ಟಾಗ ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಡೆಂಗಿ ಶೇ. 77ರಷ್ಟು ಇಳಿಯಿತೆಂದು 2021ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಬ್ರೆಜಿಲ್ ಮತ್ತು ಅಮೆರಿಕದಲ್ಲಿ ವಂಶವಾಹಿ ಮಾರ್ಪಡಿಸಿದ ಸೊಳ್ಳೆಗಳನ್ನೂ ಬಿಟ್ಟಿದ್ದಾರೆ. ನಮ್ಮ ದೇಶದಲ್ಲೇ ದೆಹಲಿಯ ಸೊಳ್ಳೆಗಳ ಆನುವಂಶಿಕ ನಿಯಂತ್ರಣ ಘಟಕದ ಕೆಲಸ, ಪತ್ರಿಕೆ ಮತ್ತು ಸಂಸತ್ತಿನಲ್ಲಿ ಸಂಶಯಗಳೆದ್ದು, 1975ರಲ್ಲಿ ನಿಂತುಹೋಯಿತು. ಬೆಂಬಲವೋ ವಿರೋಧವೋ, ಬ್ಯಾಕ್ಟೀರಿಯಾ ಸೇರಿಸುವುದಕ್ಕೂ ವಂಶವಾಹಿ ಬದಲಿಸುವುದಕ್ಕೂ ವ್ಯತ್ಯಾಸ ತಿಳಿಯದವರು ಯಾವುದನ್ನೂ ಸರಿಯಾಗಿ ಮಾಡಲಾರರು.

ಪಾಠ ಯೋಜನೆಗೆ ಕೆಲವು ಸಲಹೆಗಳು

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆಗಳು ಸರಳ. ಒಂದು, ಸಮೀಕ್ಷೆಯನ್ನು ಮಕ್ಕಳ ಮನೆಯಿಂದಲ್ಲ, ಶಾಲೆಯಿಂದ ಆರಂಭಿಸಿ. ಶಾಲೆಯ ಸಂಪು, ಟ್ಯಾಂಕು, ಬಿಸಾಡಿದ ಬಕೆಟ್ಟು, ಹೂಕುಂಡಗಳನ್ನು ತಂಡಗಳಾಗಿ ಪರೀಕ್ಷಿಸಲಿ. ಆಗ ಯಾರ ಮನೆಯೂ ಕಟಕಟೆಗೆ ಬರುವುದಿಲ್ಲ. ಎರಡು, ಲಾರ್ವಾಗಳನ್ನು ಗಾಜಿನ ಸೀಸೆಗೆ ತಂದು ಬಾಯಿಗೆ ಬಟ್ಟೆ ಕಟ್ಟಿ ಭೂತಗನ್ನಡಿಯಲ್ಲಿ ತೋರಿಸಿ. ನೀರಿನ ಮೇಲ್ಮೈಗೆ ಸಮಾಂತರವಾಗಿ ಮಲಗಿದ್ದು ಅನಾಫಿಲಿಸ್, ಉಸಿರುನಳಿಕೆ ಚಾಚಿ ತಲೆಕೆಳಗಾಗಿ ತೂಗುವವು ಈಡಿಸ್ ಅಥವಾ ಕ್ಯೂಲೆಕ್ಸ್. ಪಾಠ ಮುಗಿದ ಕೂಡಲೇ ಒಣ ಮಣ್ಣಿನ ಮೇಲೆ ಚೆಲ್ಲಿ. ಮೂರು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂಬ ಮಾಹಿತಿ ಬೇಕಾದರೆ ಹೆಸರಿಲ್ಲದ ಚೀಟಿಯಲ್ಲಿ ಬರೆಯಿಸಿ, ಒಟ್ಟು ಅಂಕಿಯನ್ನಷ್ಟೇ ಹಲಗೆಗೆ ತನ್ನಿ. ನಾಲ್ಕು, ಮೌಲ್ಯಮಾಪನದಲ್ಲಿ "ರೋಗಗಳನ್ನು ಪಟ್ಟಿಮಾಡಿ" ಎಂಬುದರ ಬದಲು "ವಾರಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ ನೀರು ತುಂಬಿಟ್ಟುಕೊಂಡೂ ಈಡಿಸ್ ಬೆಳೆಯದಂತೆ ಏನು ಮಾಡಬಹುದು? ಮನೆಯವರು ಮಾಡಬೇಕಾದದ್ದು ಯಾವುದು, ಪುರಸಭೆ ಮಾಡಬೇಕಾದದ್ದು ಯಾವುದು?" ಎಂದು ಕೇಳಿ. ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ವಾರ ಹತ್ತು ದಿನ ಬೇಕು ಎಂದು ತಿಳಿದ ಮಗು, ವಾರಕ್ಕೊಮ್ಮೆ ಡ್ರಮ್ಮು ಬರಿದು ಮಾಡಿ ಒಳಗೋಡೆ ಉಜ್ಜಬೇಕು, ಮುಚ್ಚಳ ಬಿಗಿಯಾಗಿರಬೇಕು ಎಂದು ತಾನೇ ಹೇಳುತ್ತದೆ.

ಸಹೋದ್ಯೋಗಿಗಳು ಎತ್ತುವ ಆಕ್ಷೇಪಣೆಗಳು ನನಗೆ ಗೊತ್ತಿವೆ. ಪ್ರಾಯೋಗಿಕ ಶಾಲೆಯ ಶಿಕ್ಷಕರಿಗೆ ಪಾಠಭಾಗ ಮುಗಿಯಬೇಕು, ಇಷ್ಟೆಲ್ಲ ಒಂದು ಅವಧಿಯಲ್ಲಿ ಆಗದು. ನಿಜ. ಆದ್ದರಿಂದ ಇದನ್ನು ಎರಡು ಅವಧಿಯ ಘಟಕ ಯೋಜನೆಯಾಗಿ ಮಾಡಲು ಮೊದಲೇ ಒಪ್ಪಿಗೆ ಪಡೆಯಬೇಕು. ಎಲ್ಲವನ್ನೂ ತುರುಕಬೇಕಿಲ್ಲ. ಕಾಳಿನ ಚಟುವಟಿಕೆ ಒಂದೇ ಆದರೂ ಸಾಕು. ಇನ್ನು ಸ್ವಚ್ಛತೆ ಬೇಡವೇ ಎಂದರೆ, ಖಂಡಿತ ಬೇಕು. ಆದರೆ ಯಾವ ನೀರು, ಯಾವ ಸೊಳ್ಳೆ, ಯಾವ ರೋಗ ಎಂದು ಬಿಡಿಸಿ ಹೇಳುವುದೇ ಆ ಮಾತಿಗೆ ಬಲ ಕೊಡುವುದು.

ಬೋಧಕ ಶಿಕ್ಷಕರಾದ ನಮ್ಮ ಪಾಲಿನ ಕೆಲಸವೂ ಇದೆ. ಅವಲೋಕನ ಪುಸ್ತಕದಲ್ಲಿ ನಾವು ಧ್ವನಿ, ಹಲಗೆಯ ಬರಹ, ಪಾಠೋಪಕರಣಗಳಿಗೆ ಅಂಕ ಹಾಕುತ್ತೇವೆ. ಮಗುವಿನ ಅನಿರೀಕ್ಷಿತ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿ ಹೇಗೆ ಸ್ವೀಕರಿಸಿದರು ಎಂಬುದಕ್ಕೆ ಒಂದು ಪ್ರತ್ಯೇಕ ಸಾಲು ಇರಲಿ. "ಗೊತ್ತಿಲ್ಲ, ನಾಳೆ ನೋಡಿ ಹೇಳುತ್ತೇನೆ" ಎಂದವರಿಗೆ ಪೂರ್ಣ ಅಂಕ ಸಿಗಲಿ. ಮುಂದಿನ ಅಭ್ಯಾಸ ಬೋಧನೆಯ ಪಾಠ ಹಂಚಿಕೆಗೆ ಮೊದಲು ವಿಜ್ಞಾನ ಮತ್ತು ಸಮಾಜ ವಿಜ್ಞಾನ ವಿಧಾನದ ಅಧ್ಯಾಪಕರು ಒಟ್ಟಿಗೆ ಕುಳಿತು ಸೊಳ್ಳೆಯ ಮೇಲೆ ಒಂದು ಜಂಟಿ ಘಟಕ ಯೋಜನೆ ಸಿದ್ಧಪಡಿಸಬೇಕೆಂದು ನಾನು ಸೂಚಿಸುತ್ತೇನೆ. ಒಂದು ಭೂಪಟ, ಒಂದು ಗ್ರಾಫ್ ಹಾಳೆ, ಎರಡು ಹಿಡಿ ಕಾಳು. ಇದಕ್ಕಿಂತ ಹೆಚ್ಚಿನ ಖರ್ಚು ಇದಕ್ಕಿಲ್ಲ.